ಹಳಿಯ ಪಕ್ಕದ ಊರುಗಳೊಡನೆ ಮಾತುಕತೆ: ಕರಾವಳಿಯ ರೈಲು ಸಂಸ್ಥೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಳೆಗಾಲದ ಆಟಿ ತಿಂಗಳ ಒಂದು ಬೆಳಿಗ್ಗೆ, ರೈಲು ಹಳಿಯ ಏರಿಗೆ ತಾಗಿದಂತಿದ್ದ ಮನೆಯೊಂದರ ಅಜ್ಜಿ ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು. ಮೊಣಕಾಲಿನ ಎತ್ತರದಲ್ಲಿ ಕೆಂಪು ಮಣ್ಣಿನ ಗೆರೆ. ಅದರ ಕೆಳಗೆ ಇನ್ನೊಂದು, ಸ್ವಲ್ಪ ಮಾಸಿದ್ದು. ಮೇಲಿನದು ಆ ವರ್ಷದ ನೆರೆ, ಕೆಳಗಿನದು ಹಿಂದಿನ ವರ್ಷದ್ದು. ಏರಿಯ ಅಡಿಯ ಮೋರಿಯಲ್ಲಿ ಹೂಳು ತುಂಬಿ, ತೋಡಿನ ನೀರು ಹಿಂದಕ್ಕೆ ತಿರುಗಿ ಕೊಟ್ಟಿಗೆಗೆ ನುಗ್ಗಿತ್ತು. ಆದರೆ ಅವರ ಸಿಟ್ಟು ನೀರಿನ ಮೇಲಿರಲಿಲ್ಲ. "ಹೋದ ವರ್ಷವೂ ನಿಮ್ಮ ಹಾಗೆ ಒಬ್ಬರು ಬಂದು ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದರು. ಬರೆದದ್ದು ಏನಾಯಿತು ಅಂತ ಹೇಳಲಿಕ್ಕೆ ಯಾರೂ ಬರಲಿಲ್ಲ" ಎಂದು ತುಳುವಿನಲ್ಲಿ ಹೇಳಿ ಹುಲ್ಲಿನ ಕಟ್ಟು ಬಿಚ್ಚತೊಡಗಿದರು.

ಆ ಪುಸ್ತಕ ನಾನು ಆಗ ಕೆಲಸಕ್ಕಿದ್ದ ಗುತ್ತಿಗೆ ಸಂಸ್ಥೆಯದ್ದೇ. ಕಚೇರಿಗೆ ಬಂದು ಹುಡುಕಿದೆ, ಸಿಕ್ಕಿತು. ಅಜ್ಜಿಯ ಹೆಸರು, ಮನೆ, ಮೋರಿಯ ಜಾಗ ಎಲ್ಲವೂ ದುಂಡಗಿನ ಅಕ್ಷರದಲ್ಲಿತ್ತು. 'ಕೈಗೊಂಡ ಕ್ರಮ' ಎಂಬ ಅಂಕಣ ಮಾತ್ರ ಪುಟದಿಂದ ಪುಟಕ್ಕೆ ಖಾಲಿ.

ರೈಲು ಸಂಸ್ಥೆಯಲ್ಲಿ ಜನಸಂಪರ್ಕ, ಪರಿಸರ, ಸಿವಿಲ್ ಎಂಜಿನಿಯರಿಂಗ್ ವಿಭಾಗಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗಾಗಿ ಮತ್ತು ಅವರೊಡನೆ ವ್ಯವಹರಿಸಬೇಕಾದ ಪಂಚಾಯಿತಿ ಸದಸ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಮಂಗಳೂರು, ಉಡುಪಿಯವು. ಆ ಖಾಲಿ ಅಂಕಣವನ್ನು ತುಂಬಿಸುವುದು ಹೇಗೆ ಎಂಬುದೇ ನನ್ನ ವಿಷಯ.

ಮೊದಲು ಪದವನ್ನು ಸರಿಮಾಡಿಕೊಳ್ಳೋಣ

ಸ್ಟೇಕ್‌ಹೋಲ್ಡರ್ ಎಂಬುದಕ್ಕೆ ಸರಕಾರಿ ಕಾಗದಗಳಲ್ಲಿ 'ಮಧ್ಯಸ್ಥಗಾರರು' ಎಂದು ಬರೆಯುತ್ತಾರೆ. ಇದು ತಪ್ಪು. ಇಬ್ಬರ ಜಗಳ ಬಿಡಿಸುವವನು ಮಧ್ಯಸ್ಥ. 'ಪಾಲುದಾರರು' ಎಂಬುದು ಇನ್ನೂ ಹೆಚ್ಚು ಬಳಕೆಯಲ್ಲಿದೆ, ಆದರೆ ಪಾಲು ಎಂದರೆ ಬಂಡವಾಳದ ಲೆಕ್ಕ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದಾಗ ಕೇಂದ್ರ ಸರಕಾರ ಶೇ. 51, ಮಹಾರಾಷ್ಟ್ರ ಶೇ. 22, ಕರ್ನಾಟಕ ಶೇ. 15, ಗೋವಾ ಮತ್ತು ಕೇರಳ ತಲಾ ಶೇ. 6ರಂತೆ ಬಂಡವಾಳ ಹಂಚಿಕೊಂಡವು. ಅವರು ಪಾಲುದಾರರು. ಕೊಟ್ಟಿಗೆಯ ಅಜ್ಜಿಗೆ ಯಾವ ಪಾಲೂ ಇಲ್ಲ, ನೀರು ಮಾತ್ರ ಅವರ ಮನೆಗೇ ಬರುತ್ತದೆ. ಹಾಗಾಗಿ ನಾನು 'ಸಂಬಂಧಪಟ್ಟವರು' ಎನ್ನುತ್ತೇನೆ. ಹಳಿಯಿಂದ ಯಾರ ಬದುಕಿಗೆ ಒಳಿತೋ ಕೆಡುಕೋ ತಟ್ಟುತ್ತದೆಯೋ ಅವರೆಲ್ಲರೂ ಸಂಬಂಧಪಟ್ಟವರೇ.

ಸುಸ್ಥಿರತೆ ಎಂದ ಕೂಡಲೇ ಸೌರಫಲಕ, ಸಸಿ ನೆಡುವ ಫೋಟೊ ನೆನಪಾಗುತ್ತವೆ. ಅವೂ ಬೇಕು. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿಯಲ್ಲಿ ಗುಡ್ಡ ನಿಲ್ಲಬೇಕು, ತೋಡು ಹರಿಯಬೇಕು, ಬಾವಿಯಲ್ಲಿ ನೀರಿರಬೇಕು. ಈ ಮೂರಕ್ಕೂ ಹಾನಿಯಾಗದಂತೆ ರೈಲು ಓಡಬೇಕು. ನಾನು ಸುಸ್ಥಿರತೆಯನ್ನು ಇಲ್ಲಿಂದ ಆರಂಭಿಸುತ್ತೇನೆ.

ಹೆಜ್ಜೆ 1: ಯಾವ ಹಳಿ ಯಾರ ಕೈಯಲ್ಲಿದೆ ಎಂಬ ನಕ್ಷೆ ಮಾಡಿ

ಬೇರೆ ಊರಿನವರಿಗೆ ಇದು ಮೊದಲ ಹೆಜ್ಜೆ ಎನಿಸಲಿಕ್ಕಿಲ್ಲ. ಮಂಗಳೂರಿನಲ್ಲಿ ಇದಿಲ್ಲದೆ ಎರಡನೆಯ ಹೆಜ್ಜೆಯೇ ಇಲ್ಲ. ಇಲ್ಲಿ ಮೂರು ರೈಲ್ವೆಗಳು ಕೂಡುತ್ತವೆ. 1907ರಲ್ಲಿ ದಕ್ಷಿಣದಿಂದ ಬಂದ ಹಳಿ ಮತ್ತು ಮಂಗಳೂರು ಸೆಂಟ್ರಲ್, ಮಂಗಳೂರು ಜಂಕ್ಷನ್ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿವೆ. ಪಡೀಲಿನಿಂದ ಪುತ್ತೂರು, ಸುಬ್ರಹ್ಮಣ್ಯ ರೋಡ್ ದಾಟಿ ಹಾಸನಕ್ಕೆ ಏರುವ ಮಾರ್ಗವನ್ನು ನೈರುತ್ಯ ರೈಲ್ವೆಯ ಮೈಸೂರು ವಿಭಾಗ ನೋಡಿಕೊಳ್ಳುತ್ತದೆ. ತೋಕೂರಿನಿಂದ ಉತ್ತರಕ್ಕೆ ಸುರತ್ಕಲ್, ಮೂಲ್ಕಿ, ಉಡುಪಿ, ಕುಂದಾಪುರ ಹೀಗೆ ಮಹಾರಾಷ್ಟ್ರದ ರೋಹಾದವರೆಗಿನ 741 ಕಿ.ಮೀ. ಕೊಂಕಣ ರೈಲ್ವೆ. ಮಂಗಳೂರು ಮತ್ತು ಉಡುಪಿ ನಡುವೆ ಮೊದಲ ರೈಲು ಓಡಿದ್ದು 1993ರ ಮಾರ್ಚ್‌ನಲ್ಲಿ, ಪೂರ್ತಿ ಮಾರ್ಗ ತೆರೆದುಕೊಂಡದ್ದು 1998ರ ಜನವರಿಯಲ್ಲಿ.

ಒಬ್ಬರ ದೂರು ಪಾಲಕ್ಕಾಡಿಗೆ, ಇನ್ನೊಬ್ಬರದು ಮೈಸೂರಿಗೆ, ಮತ್ತೊಬ್ಬರದು ಕಾರವಾರದ ಪ್ರಾದೇಶಿಕ ಕಚೇರಿಗೆ ಹೋಗಬೇಕು. 2019ರ ಆಗಸ್ಟ್‌ನಲ್ಲಿ ಪಡೀಲು ಮತ್ತು ಕುಲಶೇಖರದ ನಡುವೆ ಗುಡ್ಡ ಜರಿದು ಹಳಿ ಮುಚ್ಚಿತು. ಮಣ್ಣು ಬಿದ್ದದ್ದು ಪಾಲಕ್ಕಾಡ್ ವಿಭಾಗದಲ್ಲಿ, ದಿನಗಟ್ಟಲೆ ನಿಂತುಹೋದದ್ದು ಕೊಂಕಣ ಮಾರ್ಗದ ಸಂಚಾರ. ಪ್ಲಾಟ್‌ಫಾರಂನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತವರಿಗೆ ವಿಭಾಗದ ಗಡಿ ಬೇಕಿಲ್ಲ. ಮುಂದಿನ ರೈಲು ಯಾವಾಗ ಎಂಬುದಷ್ಟೇ ಬೇಕು.

ಒಂದು ಹಾಳೆಯಲ್ಲಿ ಹಳಿಯನ್ನು ಉದ್ದಕ್ಕೆ ಎಳೆದು ಕಿಲೋಮೀಟರ್ ಕಲ್ಲಿನ ಸಂಖ್ಯೆ, ಅದರ ಎದುರು ಗ್ರಾಮ ಪಂಚಾಯಿತಿ ಅಥವಾ ವಾರ್ಡು, ಹಳಿಯ ಹೊಣೆಗಾರ ಎಂಜಿನಿಯರ್‌ನ ಹುದ್ದೆ, ಮೇಲಿನ ಕಚೇರಿ ಇಷ್ಟನ್ನು ಬರೆಯಿರಿ. ಅಧಿಕಾರಿಗಳು ವರ್ಗವಾಗುತ್ತಾರೆ, ಆದ್ದರಿಂದ ಹೆಸರು ಬೇಡ, ಹುದ್ದೆ ಸಾಕು. ಹಾಳೆಯ ಒಂದು ನಕಲು ಪ್ರತಿಯೊಂದು ನಿಲ್ದಾಣದಲ್ಲೂ, ಪಂಚಾಯಿತಿಯಲ್ಲೂ ಇರಲಿ. ಜೊತೆಗೆ ಸಿಬ್ಬಂದಿಗೆಲ್ಲ ಒಂದು ನಿಯಮ ಕಲಿಸಿ. ದೂರು ಹೇಳಿದವರಿಗೆ 'ಅದು ನಮ್ಮದಲ್ಲ' ಎಂದು ಹೇಳಿ ಕಳುಹಿಸುವಂತಿಲ್ಲ. ಬರೆದುಕೊಂಡು, ಸರಿಯಾದ ಕಚೇರಿಗೆ ತಾವೇ ಕಳುಹಿಸಿ, ಎಲ್ಲಿಗೆ ಕಳುಹಿಸಿದ್ದೇವೆ ಎಂದು ಅವರಿಗೆ ತಿಳಿಸಬೇಕು.

ಹೆಜ್ಜೆ 2: ಹಳಿಯ ಪಕ್ಕ ನಡೆಯಿರಿ, ಎರಡು ಸಲ

ಸಂಬಂಧಪಟ್ಟವರ ಪಟ್ಟಿಯನ್ನು ಕಚೇರಿಯಲ್ಲಿ ಕುಳಿತು ಮಾಡಿದರೆ ಶಾಸಕರು, ಜಿಲ್ಲಾಧಿಕಾರಿ, ಬಂದರು, ಕೈಗಾರಿಕೆಗಳು, ಪ್ರಯಾಣಿಕರ ಸಂಘ ಇಷ್ಟಕ್ಕೆ ನಿಲ್ಲುತ್ತದೆ. ಉಳಿದವರು ಕಾಣಬೇಕಾದರೆ ನಡೆಯಬೇಕು. ಮೇ ತಿಂಗಳ ಒಣ ನೆಲದಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಇನ್ನೊಮ್ಮೆ. ಅನುಮತಿ ಪಡೆದು, ಆ ಭಾಗದ ಟ್ರ್ಯಾಕ್‌ಮನ್ ಜೊತೆಗೇ ಹೋಗಿ. ಅನುಮತಿಯಿಲ್ಲದೆ ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯಡಿ ಅಪರಾಧ, ಅಪಾಯವಂತೂ ಹೌದೇ ಹೌದು. ಟ್ರ್ಯಾಕ್‌ಮನ್‌ಗಿಂತ ಒಳ್ಳೆಯ ಗುರು ನಿಮಗೆ ಸಿಗುವುದಿಲ್ಲ. ಯಾವ ತಿರುವಿನಲ್ಲಿ ನೀರು ಜಿನುಗುತ್ತದೆ, ಯಾವ ಮನೆಯವರು ರಾತ್ರಿ ಚಹಾ ಕೊಡುತ್ತಾರೆ, ಶಾಲೆಯ ಮಕ್ಕಳು ಎಲ್ಲಿ ಹಳಿ ದಾಟುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತು.

ನಡೆಯುವಾಗ ಪ್ರತಿ ಮೋರಿಯನ್ನೂ ಗುರುತಿಸಿ. ಜನ ದಾಟುವ ಕಾಲುದಾರಿ, ಬಾವಿ, ನಾಗಬನ, ದೈವಸ್ಥಾನ, ಮಸೀದಿ, ಇಗರ್ಜಿ, ಶಾಲೆ, ಗದ್ದೆಗೆ ನೀರು ಹಾಯಿಸುವ ಕಟ್ಟ ಎಲ್ಲವನ್ನೂ ಬರೆದುಕೊಳ್ಳಿ. ನೆಲ ತಗ್ಗಿನ ಬೈಲೋ, ನಡುಮಟ್ಟದ ಮಜಲೋ, ಎತ್ತರದ ಬೆಟ್ಟೋ ಎಂಬುದನ್ನು ಮರೆಯಬೇಡಿ. ಬೈಲಿನಲ್ಲಿ ಏರಿ ಕಟ್ಟಿದರೆ ನೀರು ನಿಲ್ಲುತ್ತದೆ, ಬೆಟ್ಟಿನಲ್ಲಿ ಗುಡ್ಡ ಕಡಿದರೆ ಬಾವಿ ಬತ್ತುತ್ತದೆ. ದೂರಿನ ಸ್ವರೂಪವನ್ನು ನೆಲವೇ ಮುಂಚಿತವಾಗಿ ಹೇಳಿಬಿಡುತ್ತದೆ.

ನೋಟ್‌ಬುಕ್‌ನಲ್ಲಿ ನಾಲ್ಕು ಅಂಕಣ ಸಾಕು: ಯಾರು, ಹಳಿಯಿಂದ ಅವರಿಗೇನಾಗುತ್ತದೆ, ಅವರಿಂದ ಹಳಿಗೆ ಏನಾಗಬೇಕಾಗಿದೆ, ಅವರ ಮಾತು ನಮ್ಮವರೆಗೆ ಯಾರ ಮೂಲಕ ಬರುತ್ತದೆ. ನಾಲ್ಕನೆಯದನ್ನು ತುಂಬಿಸುವಾಗಲೇ ಯಾರ ಮಾತು ಎಲ್ಲಿಯೂ ತಲುಪುತ್ತಿಲ್ಲ ಎಂಬುದು ತಿಳಿಯುತ್ತದೆ. ಬುಟ್ಟಿ ಹೊತ್ತು ರೈಲು ಹತ್ತುವ ಮೀನು ಮಾರುವ ಮಹಿಳೆಯರು, ಬೀಡಿ ಕಟ್ಟುವವರು, ಬಾಡಿಗೆ ಮನೆಯ ಉತ್ತರ ಕರ್ನಾಟಕದ ಕೂಲಿಕಾರರು, ನಿಲ್ದಾಣದ ಹೊರಗಿನ ರಿಕ್ಷಾ ಚಾಲಕರು.

ನಿರ್ವಹಣಾ ತರಬೇತಿಗಳಲ್ಲಿ ಅಧಿಕಾರ ಮತ್ತು ಆಸಕ್ತಿಯ ನಾಲ್ಕು ಚೌಕದ ನಕ್ಷೆ ಕಲಿಸುತ್ತಾರೆ. ಎರಡೂ ಹೆಚ್ಚಿರುವವರನ್ನು ಹತ್ತಿರ ಇಟ್ಟುಕೊಳ್ಳಿ, ಎರಡೂ ಕಡಿಮೆ ಇರುವವರ ಮೇಲೆ ಒಂದು ಕಣ್ಣಿಡಿ ಎಂದು. ನನಗೆ ಆ ನಕ್ಷೆ ಒಪ್ಪಿಗೆಯಿಲ್ಲ. ಅದರಲ್ಲಿ ಅಜ್ಜಿಯ ಜಾಗ ಯಾವಾಗಲೂ ಮೂಲೆಯ ಚೌಕ. ಬಳಸಲೇಬೇಕಾದರೆ 'ನಷ್ಟ' ಎಂಬ ಮೂರನೆಯ ಅಳತೆ ಸೇರಿಸಿ. ಕೆಲಸ ಕೆಟ್ಟರೆ ಮೊದಲು ಕಳೆದುಕೊಳ್ಳುವವರು ಯಾರು ಎಂದು ಕೇಳಿ, ಅವರನ್ನು ಮೊದಲು ಭೇಟಿಯಾಗಿ.

ಹೆಜ್ಜೆ 3: ಸಭೆಯ ದಿನ, ಜಾಗ, ಭಾಷೆ

ಕರಾವಳಿಯಲ್ಲಿ ಸಭೆಯ ದಿನ ಗೊತ್ತುಮಾಡುವುದು ಒಂದು ವಿದ್ಯೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ. ಅಲ್ಲಿಗೆ ದೈವಗಳ ನೇಮ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಮಳೆಯ ಕೆಲಸ ಶುರು. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ರಾತ್ರಿ ನೇಮವಿದ್ದ ಊರಿನಲ್ಲಿ ಮರುದಿನ ಬೆಳಿಗ್ಗೆ ಸಭೆ ಕರೆದರೆ ಖಾಲಿ ಕುರ್ಚಿಗಳೊಡನೆ ಮಾತಾಡಬೇಕು. ಶುಕ್ರವಾರ ಮಧ್ಯಾಹ್ನ ಬೇಡ, ಭಾನುವಾರ ಬೆಳಗಿನ ಇಗರ್ಜಿಯ ಪೂಜೆಯ ಹೊತ್ತು ಬೇಡ, ನಾಟಿಯ ವಾರ ಬೇಡ. ಮಳೆಗೆ ಮುನ್ನ ಆಗಬೇಕಾದ ಕೆಲಸಕ್ಕೆ ಫೆಬ್ರವರಿಯಲ್ಲೇ ಮಾತು ಆರಂಭವಾಗಬೇಕು. ಮೇ ತಿಂಗಳಲ್ಲಿ ಕೇಳಿದ್ದನ್ನು ಜೂನ್ ಒಳಗೆ ಮಾಡಲಾಗುವುದಿಲ್ಲ.

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಅಲ್ಲಿಗೆ ಖಂಡಿತ ಹೋಗಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಗ್ರಾಮಸಭೆಯಲ್ಲಿ ಮೈಕ್ ಹಿಡಿಯುವವರು ನಾಲ್ಕೈದು ಮಂದಿ. ಬೀಡಿ ಕಟ್ಟುವ ಮಹಿಳೆಯರ ಮಾತು ಬೇಕಾದರೆ ಅವರು ಬೀಡಿ ಕೊಡಲು ಬರುವ ಬ್ರಾಂಚ್‌ನ ಬಳಿ ಹೋಗಿ. ಅವರಿಗೆ ಕಾಯಲು ಸಮಯವಿಲ್ಲ, ಹತ್ತು ನಿಮಿಷದಲ್ಲಿ ಮುಗಿಸಿ. ಊರಿನ ದೊಡ್ಡ ಮನೆಯ ಚಾವಡಿಯಲ್ಲಿ ಸಭೆ ಇಡಬೇಡಿ. ಅಲ್ಲಿ ಕೆಲವರು ಕುಳಿತುಕೊಳ್ಳುವುದೂ ಇಲ್ಲ, ಬಾಯಿ ತೆರೆಯುವುದೂ ಇಲ್ಲ. ಸರಕಾರಿ ಶಾಲೆಯ ಕೋಣೆ ಎಲ್ಲರದು.

ಭಾಷೆಯ ಬಗ್ಗೆ ಕಾಳಜಿ ಇರಲಿ. ಕಾಗದ ಕನ್ನಡದಲ್ಲಿ, ಮಾತು ತುಳುವಿನಲ್ಲಿ. ಮನೆಗೆ ತಕ್ಕಂತೆ ಕೊಂಕಣಿ, ಬ್ಯಾರಿ, ಬಾರ್ಕೂರು ದಾಟಿದರೆ ಕುಂದಾಪುರ ಕನ್ನಡ. ದೂರದ ಕೇಂದ್ರ ಕಚೇರಿಯಿಂದ ಬಂದ ಅಧಿಕಾರಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸ್ಥಳದಲ್ಲೇ ಅನುವಾದ ಮಾಡುವವರು ಮುಂಚಿನ ದಿನವೇ ವಿಷಯ ಓದಿಕೊಂಡಿರಬೇಕು. 'ಪರಿಗಣಿಸಲಾಗುವುದು' ಎಂದದ್ದು 'ಮಾಡಿಕೊಡುತ್ತೇವೆ' ಎಂದು ಅನುವಾದವಾಗಿ, ಅದೇ ಮುಂದೆ ದೊಡ್ಡ ಜಗಳವಾದದ್ದನ್ನು ಕಂಡಿದ್ದೇನೆ.

ನಕ್ಷೆ ಗೋಡೆಗೆ ಹಾಕಿದರೆ ಸಾಲದು. ಜನರನ್ನು ಜಾಗಕ್ಕೆ ಕರೆದುಕೊಂಡು ಹೋಗಿ ಗೂಟ ನೆಟ್ಟು ಸುಣ್ಣದ ಗೆರೆ ಎಳೆದು ತೋರಿಸಿ. ಏರಿ ಎಷ್ಟು ಎತ್ತರವೆಂದು ಒಂದು ಬಿದಿರಿನ ಗಳದಲ್ಲಿ ಗುರುತು ಮಾಡಿ ನಿಲ್ಲಿಸಿ. ಮೂವತ್ತು ಪುಟದ ವರದಿಯಿಂದ ಹುಟ್ಟದ ಪ್ರಶ್ನೆಗಳು ಆ ಗಳದ ಮುಂದೆ ಹುಟ್ಟುತ್ತವೆ. ಸಭೆಯ ಮೊದಲಲ್ಲೇ ಯಾವುದು ಈಗಾಗಲೇ ತೀರ್ಮಾನವಾಗಿದೆ, ಯಾವುದು ಇನ್ನೂ ಬದಲಾಗಬಹುದು ಎಂದು ಬಿಡಿಸಿ ಹೇಳಿ. ತೀರ್ಮಾನವಾಗಿಬಿಟ್ಟದ್ದರ ಬಗ್ಗೆ ಅಭಿಪ್ರಾಯ ಕೇಳುವುದು ಜನರಿಗೆ ಮಾಡುವ ಅವಮಾನ.

ನಾಗಬನ, ದೈವಸ್ಥಾನಗಳ ವಿಷಯ ಸಭೆಗೆ ತರುವ ಮುನ್ನ ಆ ಕುಟುಂಬದವರನ್ನು, ಅವರ ಮುಖಂಡರಾದ ಗುರಿಕಾರರನ್ನು ಪ್ರತ್ಯೇಕವಾಗಿ ಕಾಣಿರಿ. ಪರಿಹಾರದ ಹಣದ ಮಾತು ಅಲ್ಲಿ ಮೊದಲ ಮಾತಾಗಬಾರದು. 1990ರ ದಶಕದ ಆರಂಭದಲ್ಲಿ ಗೋವಾದಲ್ಲಿ ಕೊಂಕಣ ರೈಲ್ವೆಯ ಮಾರ್ಗದ ಬಗ್ಗೆ ದೊಡ್ಡ ವಿರೋಧ ಎದ್ದಿತ್ತು. ಹಿನ್ನೀರಿನ ಖಜಾನ್ ಗದ್ದೆಗಳಿಗೆ ಏನಾಗುತ್ತದೆ ಎಂಬುದು ಅಲ್ಲಿನ ಆತಂಕಗಳಲ್ಲಿ ಮುಖ್ಯವಾದದ್ದು. ಮಾರ್ಗದ ಗೆರೆ ಕಾಗದದ ಮೇಲಿರುವಾಗಲೇ ಇಂಥ ಮಾತು ಮುಗಿಯುವುದು ಎಲ್ಲರಿಗೂ ಕ್ಷೇಮ.

ಹೆಜ್ಜೆ 4: ಮುಖ್ಯವಾದದ್ದನ್ನು ಆರಿಸಿಕೊಳ್ಳಿ

ಎಲ್ಲ ಮಾತುಗಳನ್ನೂ ಗುಡ್ಡೆಹಾಕಿದರೆ ನೂರು ವಿಷಯಗಳಾಗುತ್ತವೆ. ಸುಸ್ಥಿರತೆಯ ವರದಿಗಾರರು 'ಮೆಟೀರಿಯಾಲಿಟಿ' ಎನ್ನುವುದು ಈ ಆಯ್ಕೆಗೇ. ಎರಡು ಪ್ರಶ್ನೆ ಕೇಳಿ. ನಮ್ಮ ಕೆಲಸದಿಂದ ಜನಕ್ಕೆ, ನೆಲಕ್ಕೆ ಆಗುವ ಪರಿಣಾಮ ಎಷ್ಟು ಗಟ್ಟಿ? ಕೆಟ್ಟರೆ ಮತ್ತೆ ಸರಿಮಾಡಲು ಸಾಧ್ಯವೇ? ನನ್ನ ಅನುಭವದಲ್ಲಿ ಈ ಎರಡು ಪ್ರಶ್ನೆಗಳ ಮುಂದೆ ಕರಾವಳಿಯಲ್ಲಿ ಗುಡ್ಡ ಮತ್ತು ನೀರು ಯಾವಾಗಲೂ ಮೊದಲಿಗೆ ನಿಲ್ಲುತ್ತವೆ.

ಕಾರಣ ನೆಲದ ರಚನೆಯಲ್ಲಿದೆ. ಮೇಲೆ ಗಟ್ಟಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಅದರಡಿಯಲ್ಲಿ ಬಿಳಿ, ಹಳದಿ, ಕೆಲವೆಡೆ ಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಗುದ್ದಲಿಗೂ ಬಗ್ಗದ ಈ ಮಣ್ಣು ನೀರು ಕುಡಿದಾಗ ಬಲ ಕಳೆದುಕೊಂಡು ಜಾರುತ್ತದೆ. ಹಳಿಗಾಗಿ ಗುಡ್ಡವನ್ನು ಕಡಿದಾಗ ಶೇಡಿ ಗಾಳಿ ಮಳೆಗೆ ತೆರೆದುಕೊಳ್ಳುತ್ತದೆ. ಮೇಲಿನ ಮುರಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ಬಂದು ನಿಲ್ಲುತ್ತದೆ, ಅಡಿಪಾಯ ಸಡಿಲವಾಗುತ್ತದೆ, ಮೇಲಿನ ಬಂಡೆ ಸಮೇತ ಎಲ್ಲವೂ ಕೆಳಗೆ. ಅದೇ ಕಡಿತ, ಮುರಕಲ್ಲಿನಲ್ಲಿದ್ದ ನೀರನ್ನು ಹೊರಕ್ಕೆ ಬಸಿದುಬಿಡುವುದರಿಂದ ಮೇಲಿನ ಮನೆಗಳ ಬಾವಿಗಳು ಬೇಸಿಗೆಗೆ ಮುಂಚೆಯೇ ಬತ್ತುತ್ತವೆ. ಮಳೆಗಾಲದ ಕುಸಿತ, ಬೇಸಿಗೆಯ ಬರ ಎರಡಕ್ಕೂ ಒಂದೇ ಬೇರು. ರೈಲಿನವರು ಒಂದನ್ನು ಸುರಕ್ಷತೆಯ ಕಡತದಲ್ಲೂ ಇನ್ನೊಂದನ್ನು ದೂರಿನ ಕಡತದಲ್ಲೂ ಇಡುತ್ತಾರೆ. ಎರಡನ್ನೂ ಒಂದೇ ಕಡತಕ್ಕೆ ತನ್ನಿ.

ಮಾಡಬೇಕಾದದ್ದು ಇಷ್ಟು. ಕೆಲಸ ಆರಂಭಿಸುವ ಮುನ್ನ ಹತ್ತಿರದ ಪ್ರತಿ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು, ಮನೆಯವರ ಸಹಿ ಪಡೆದು ಒಂದು ಪ್ರತಿ ಅವರಿಗೇ ಕೊಡಿ. ಈ ದಾಖಲೆ ಇಲ್ಲದಿದ್ದರೆ ಮುಂದೆ ಬಾವಿ ಬತ್ತಿದಾಗ ಅವರ ಮಾತನ್ನು ಸಾಬೀತುಮಾಡಲೂ ಆಗದು, ಅಲ್ಲಗಳೆಯಲೂ ಆಗದು. ಕಡಿತದ ನೆತ್ತಿಯಲ್ಲಿ ನೀರು ಬೇರೆಡೆಗೆ ಹರಿದುಹೋಗುವ ಚರಂಡಿ, ಇಳಿಜಾರನ್ನು ಮೆಟ್ಟಿಲುಗಳಾಗಿ ಕಡಿಯುವುದು, ಲಾವಂಚದಂಥ ಆಳ ಬೇರಿನ ಹುಲ್ಲು, ಬೇಕಾದೆಡೆ ಇಳಿಜಾರಿಗೆ ಹೊದಿಸುವ ಬಲೆ ಮತ್ತು ಮಣ್ಣಿನೊಳಗೆ ಇಳಿಸುವ ಉಕ್ಕಿನ ಮೊಳೆ, ಇವು ಎಂಜಿನಿಯರರ ಕೆಲಸ. ಮೋರಿಗಳ ಹೂಳು ಪತ್ತನಾಜೆಗೆ ಮೊದಲು ತೆಗೆದಿರಬೇಕು. ತೆಗೆದ ಹೂಳನ್ನು ತೋಡಿನ ಬದಿಯಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಅದು ಮತ್ತೆ ಒಳಗೆ.

ಕೊಂಕಣ ರೈಲ್ವೆ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಮಾಡಿ, ರೈಲುಗಳ ವೇಗ ಇಳಿಸಿ, ಕಡಿತಗಳಲ್ಲಿ ಗಸ್ತು ಹಾಕಿಸುತ್ತದೆ. ಆ ಗಸ್ತಿಗೆ ಊರಿನ ಕಣ್ಣುಗಳನ್ನೂ ಸೇರಿಸಿಕೊಳ್ಳಬಹುದು. ಗುಡ್ಡದ ಬುಡದಲ್ಲಿ ಹೊಸ ಒಸರು ಕಂಡರೆ, ತಿಳಿಯಾಗಿ ಬರುತ್ತಿದ್ದ ಒಸರು ಕೆಸರಾದರೆ, ಅಥವಾ ಇದ್ದಕ್ಕಿದ್ದಂತೆ ನಿಂತರೆ, ನೆತ್ತಿಯಲ್ಲಿ ಬಿರುಕು ಬಿಟ್ಟರೆ, ಮರ ಓರೆಯಾದರೆ ಕೂಡಲೇ ಫೋನ್ ಮಾಡಿ ಎಂದು ಪ್ರತಿ ಮನೆಗೂ ಹೇಳಿ. ಫೋನ್ ಎತ್ತುವವರು ರಾತ್ರಿ ಎರಡು ಗಂಟೆಗೂ ಇರಬೇಕು, ತುಳು ತಿಳಿದವರಾಗಿರಬೇಕು.

ಸಣ್ಣದೆನಿಸುವ ಒಂದು ವಿಷಯವನ್ನೂ ಸೇರಿಸುತ್ತೇನೆ. ಹಳಿಯ ಕಳೆಗೆ ಔಷಧ ಸಿಂಪಡಿಸುವುದಾದರೆ ಯಾವ ದಿನ, ಯಾವ ಔಷಧ ಎಂದು ಮುಂಚಿತವಾಗಿ ತಿಳಿಸಿ. ಬಾವಿ, ತೋಡು ಹತ್ತಿರವಿದ್ದಲ್ಲಿ ಕೈಯಿಂದಲೇ ಕಳೆ ತೆಗೆಸಿ. ಕುಡಿಯುವ ನೀರಿನ ವಿಷಯದಲ್ಲಿ ಒಮ್ಮೆ ಹೋದ ನಂಬಿಕೆ ಮತ್ತೆ ಬರುವುದಿಲ್ಲ.

ಹೆಜ್ಜೆ 5: ಇಂಗಾಲದ ಲೆಕ್ಕ ಪ್ರಾಮಾಣಿಕವಾಗಿರಲಿ

ಭಾರತೀಯ ರೈಲ್ವೆ 2030ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ, ಅಂದರೆ ಹೊರಬಿಟ್ಟ ಇಂಗಾಲವೂ ಹೀರಿಕೊಂಡದ್ದೂ ಸರಿದೂಗುವ, ಗುರಿ ಇಟ್ಟುಕೊಂಡಿದೆ. ರೋಹಾದಿಂದ ತೋಕೂರಿನವರೆಗಿನ ವಿದ್ಯುದೀಕರಣ 2022ರ ಜೂನ್‌ನಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಇದು ದೊಡ್ಡ ಸಾಧನೆ, ಹಳಿಯ ಪಕ್ಕದವರಿಗೆ ಡೀಸೆಲ್ ಹೊಗೆ ತಪ್ಪಿದೆ. ಆದರೂ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿರುವಾಗ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದು ಬರೆಯುವಂತಿಲ್ಲ.

ಒಂದು ನಿಲ್ದಾಣದಿಂದ ಆರಂಭಿಸಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್. ಜಾಲದಿಂದ ಬಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ. ನಿಲ್ದಾಣದ ಜನರೇಟರ್ ದಿನಕ್ಕೆ 15 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 40 ಕಿಲೋ, ವರ್ಷಕ್ಕೆ ಹದಿನಾಲ್ಕೂವರೆ ಟನ್ನಿಗೂ ಹೆಚ್ಚು. ಇದು ನೇರ ಹೊರಸೂಸುವಿಕೆ. ವಿದ್ಯುತ್ ಬಿಲ್ಲಿನದು ಎರಡನೆಯ ಬಗೆ. ಗುತ್ತಿಗೆದಾರರ ಲಾರಿ, ಕೊಂಡ ಸಿಮೆಂಟು, ಉಕ್ಕು ಮೂರನೆಯದು. ಮೂರನ್ನೂ ಬೇರೆಬೇರೆಯಾಗಿ ಬರೆಯಿರಿ. ಚಾವಣಿಯ ಸೌರಫಲಕದ ಲೆಕ್ಕವನ್ನು ಏಪ್ರಿಲ್ ಬಿಸಿಲಿನ ಆಧಾರದ ಮೇಲೆ ಹಾಕಬೇಡಿ. ಜುಲೈನಲ್ಲಿ ವಾರಗಟ್ಟಲೆ ಸೂರ್ಯ ಕಾಣದ ಊರು ಇದು.

ಬೋಗಿಗಳ ದೀಪ, ಫ್ಯಾನು, ಎಸಿಗಳಿಗೆ ಪ್ರತ್ಯೇಕ ಡೀಸೆಲ್ ಜನರೇಟರ್ ಡಬ್ಬಿ ಓಡಿಸುವ ಬದಲು ಎಂಜಿನ್‌ನಿಂದಲೇ ವಿದ್ಯುತ್ ಕೊಡುವ ವ್ಯವಸ್ಥೆ ಬಂದಿದೆ. ಹೊಸ ಎಂಜಿನ್‌ಗಳು ಬ್ರೇಕ್ ಹಾಕಿದಾಗ ವಿದ್ಯುತ್ತನ್ನು ಹಿಂದಕ್ಕೆ ಕೊಡುತ್ತವೆ. ಇವುಗಳಿಂದಾದ ಉಳಿತಾಯವನ್ನು ಯೂನಿಟ್‌ಗಳಲ್ಲಿ, ಲೀಟರ್‌ಗಳಲ್ಲಿ ತೋರಿಸಿ.

ಕೊಂಕಣ ರೈಲ್ವೆಯ ರೋ-ರೋ ಸೇವೆಯ ಬಗ್ಗೆ ನನಗೆ ವಿಶೇಷ ಗೌರವ. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಆರಂಭವಾಗಿ ಮುಂದೆ ಸುರತ್ಕಲ್‌ವರೆಗೆ ಬಂತು. ಸರಕು ತುಂಬಿದ ಲಾರಿಗಳೇ ಚಪ್ಪಟೆ ವ್ಯಾಗನ್ ಏರಿ ಕುಳಿತುಕೊಳ್ಳುತ್ತವೆ. ಚಾಲಕರಿಗೆ ಘಟ್ಟ ತಿರುವುಗಳ ಆಯಾಸವಿಲ್ಲ, ಹೆದ್ದಾರಿಗೆ ಭಾರವಿಲ್ಲ. ಆದರೆ ಇದರಿಂದ ಉಳಿದ ಡೀಸೆಲ್ ಲಾರಿಯವರ ಡೀಸೆಲ್. ಅದನ್ನು 'ತಪ್ಪಿಸಿದ ಹೊರಸೂಸುವಿಕೆ' ಎಂದು ಪ್ರತ್ಯೇಕವಾಗಿ ಬರೆಯಿರಿ. ಸಂಸ್ಥೆಯ ಸ್ವಂತ ಲೆಕ್ಕದಿಂದ ಕಳೆಯಬೇಡಿ.

ಹೆಜ್ಜೆ 6: ದೂರಿನ ಪುಸ್ತಕ ಮತ್ತು ಅದರ ಕೊನೆಯ ಅಂಕಣ

ಇಷ್ಟೆಲ್ಲ ಮಾಡಿ ಇದೊಂದನ್ನು ಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಪ್ರಯಾಣಿಕರಿಗೆ 139 ಸಂಖ್ಯೆ ಇದೆ, ರೈಲ್ ಮದದ್ ಆ್ಯಪ್ ಇದೆ. ಹಳಿಯ ಪಕ್ಕದ ಮನೆಯವರ ಬಳಿ ಟಿಕೆಟ್ ಇಲ್ಲ, ಪಿಎನ್‌ಆರ್ ಸಂಖ್ಯೆಯೂ ಇಲ್ಲ. ಅವರಿಗೆ ಬೇರೆಯೇ ದಾರಿ ಬೇಕು. ನಿಲ್ದಾಣದಲ್ಲಿ ಒಂದು, ಪಂಚಾಯಿತಿಯಲ್ಲಿ ಒಂದು ಪುಸ್ತಕ, ಒಂದು ಫೋನ್ ಸಂಖ್ಯೆ. ಬಾಯಲ್ಲಿ ಹೇಳಿದ್ದೂ ದೂರೇ. ಬರೆದವರು ಓದಿ ಹೇಳಿ, ಸಂಖ್ಯೆ ಹಾಕಿದ ಚೀಟಿ ಕೊಡಬೇಕು.

ಪ್ರತಿ ದೂರಿಗೂ ನಾಲ್ಕರಲ್ಲಿ ಒಂದು ಉತ್ತರ ಹೋಗಲೇಬೇಕು. ಆಗುತ್ತದೆ, ಇಂಥ ದಿನದೊಳಗೆ. ಆಗುವುದಿಲ್ಲ, ಇಂಥ ಕಾರಣಕ್ಕೆ. ನಮ್ಮ ಕೈಯಲ್ಲಿಲ್ಲ, ಇಂಥ ಕಚೇರಿಗೆ ಕಳುಹಿಸಿದ್ದೇವೆ. ಇನ್ನೂ ತಿಳಿದಿಲ್ಲ, ಇಂಥ ದಿನ ಹೇಳುತ್ತೇವೆ. 'ಆಗುವುದಿಲ್ಲ' ಎನ್ನಲು ಅಧಿಕಾರಿಗಳು ಹೆದರುತ್ತಾರೆ. ನನ್ನ ಅನುಭವದಲ್ಲಿ ಕಾರಣ ಸಮೇತ ಬಂದ 'ಇಲ್ಲ' ಎಂಬ ಮಾತಿಗೆ ಜನ ಬೇಸರಪಡುತ್ತಾರೆ, ಆದರೆ ಒಪ್ಪಿಕೊಳ್ಳುತ್ತಾರೆ. ಉತ್ತರವೇ ಬಾರದಿದ್ದಾಗ ಹಳಿಯ ಮೇಲೆ ಬಂದು ಕೂರುತ್ತಾರೆ.

ಅವಧಿಗೆ ಮಾಹಿತಿ ಹಕ್ಕು ಕಾಯ್ದೆಯ 30 ದಿನಗಳನ್ನು ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಹೇಗೂ ಕೊಡಬೇಕಾದ ಉತ್ತರ, ಕೇಳಿದಾಗಲೇ ಕೊಟ್ಟುಬಿಡಿ. ಮಳೆಗಾಲದಲ್ಲಿ ಗುಡ್ಡ, ನೀರಿನ ದೂರಿಗೆ 24 ಗಂಟೆ. ತಿಂಗಳ ಕೊನೆಯಲ್ಲಿ ಎಷ್ಟು ದೂರು ಬಂತು ಎಂದು ಎಣಿಸಬೇಡಿ, ಎಷ್ಟು ಮಂದಿಗೆ ಉತ್ತರ ಹೋಯಿತು ಎಂದು ಎಣಿಸಿ. ಹೊಸ ಪುಸ್ತಕ ಇಟ್ಟ ಮೊದಲ ವರ್ಷ ದೂರುಗಳು ಹೆಚ್ಚಾಗುತ್ತವೆ. ಅದು ಒಳ್ಳೆಯ ಲಕ್ಷಣವೆಂದು ಮೇಲಧಿಕಾರಿಗಳಿಗೆ ಮುಂಚೆಯೇ ಹೇಳಿಡಿ.

ಹೆಜ್ಜೆ 7: ಒಳಗಿನವರು, ನಿಲ್ದಾಣದವರು

ಟ್ರ್ಯಾಕ್‌ಮನ್, ಗೇಟ್‌ಮನ್, ಗುತ್ತಿಗೆಯ ಸ್ವಚ್ಛತಾ ಕಾರ್ಮಿಕರು ಕೂಡ ಸಂಬಂಧಪಟ್ಟವರೇ. ಮಳೆಯಲ್ಲಿ ಗಸ್ತು ತಿರುಗುವವರ ರೇನ್‌ಕೋಟ್, ಟಾರ್ಚು, ಬೂಟು ಸರಿಯಾಗಿವೆಯೇ ಎಂದು ನೋಡದೆ ಸುಸ್ಥಿರತೆಯ ಮಾತು ಆಡಬಾರದು.

ಉಡುಪಿಯ ನಿಲ್ದಾಣ ಇಂದ್ರಾಳಿಯಲ್ಲಿದೆ, ಊರಿನ ಬಸ್ ನಿಲ್ದಾಣಗಳಿಂದ ದೂರ. ರಾತ್ರಿ ಇಳಿದ ಮಣಿಪಾಲದ ವಿದ್ಯಾರ್ಥಿನಿಗೆ ರೈಲಿಳಿದ ನಂತರದ ಕೊನೆಯ ನಾಲ್ಕು ಕಿಲೋಮೀಟರೇ ಅತಿ ಉದ್ದದ ಪ್ರಯಾಣ. ಬಸ್ ಮಾಲೀಕರು, ರಿಕ್ಷಾ ಚಾಲಕರು, ನಗರಸಭೆ, ಪೊಲೀಸರು ಎಲ್ಲರನ್ನೂ ಒಂದೇ ಮೇಜಿಗೆ ಕರೆದು ಮಾತಾಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ಈ ಮಾತುಕತೆ ಹಿಂದಿನ ಅಕ್ಟೋಬರ್‌ನಲ್ಲೇ ಆಗಬೇಕು. 'ಒಂದು ನಿಲ್ದಾಣ ಒಂದು ಉತ್ಪನ್ನ' ಯೋಜನೆಯ ಮಳಿಗೆಗಳಿಗೆ ಉಡುಪಿ ಸೀರೆ ನೇಯುವವರಂಥ ನಿಜವಾದ ಉತ್ಪಾದಕರನ್ನು ಹುಡುಕಿ ಕರೆತನ್ನಿ, ಮಧ್ಯವರ್ತಿಗಳನ್ನಲ್ಲ.

ಹೆಜ್ಜೆ 8: ಎರಡು ವರದಿ

ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳಿಗೆ 2022–23ರಿಂದ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿ ಕಡ್ಡಾಯ. ಸುಸ್ಥಿರತಾ ವರದಿಗೆ ಜಗತ್ತಿನಾದ್ಯಂತ ಬಳಸುವ ಜಿಆರ್‌ಐ ಮಾನದಂಡಗಳಲ್ಲೂ ಸಂಬಂಧಪಟ್ಟವರೊಡನೆ ಹೇಗೆ ವ್ಯವಹರಿಸಿದಿರಿ ಎಂದು ಬರೆಯಲು ಪ್ರತ್ಯೇಕ ಜಾಗವಿದೆ. ಷೇರುಪೇಟೆಯಲ್ಲಿ ಇಲ್ಲದ ರೈಲು ಸಂಸ್ಥೆಗಳೂ ಅದೇ ಚೌಕಟ್ಟನ್ನು ಬಳಸಿಕೊಳ್ಳಬಹುದು. ಸಭೆಗಳ ಸಂಖ್ಯೆ ಬರೆದು ಸುಮ್ಮನಾಗಬೇಡಿ. ಆ ಸಭೆಗಳಿಂದ ಯಾವ ತೀರ್ಮಾನ ಬದಲಾಯಿತು ಎಂಬ ಒಂದು ಸಾಲು ಇಲ್ಲದಿದ್ದರೆ ಉಳಿದದ್ದು ತೂಕಕ್ಕೆ ಹಾಕುವ ಕಾಗದ.

ಎರಡನೆಯ ವರದಿ ಒಂದೇ ಹಾಳೆಯದು, ಕನ್ನಡದಲ್ಲಿ, ಪಂಚಾಯಿತಿಯ ಫಲಕದಲ್ಲಿ, ನಿಲ್ದಾಣದ ಟಿಕೆಟ್ ಕಿಟಕಿಯ ಪಕ್ಕದಲ್ಲಿ ಅಂಟಿಸುವಂಥದ್ದು. ಈ ವರ್ಷ ನೀವು ಹೇಳಿದ್ದು, ನಾವು ಮಾಡಿದ್ದು, ಮಾಡಲಾಗದ್ದು, ಕಾರಣ. ಮಾಡಲಾಗದ್ದನ್ನು ಬಿಡಬೇಡಿ. ಕಂಪನಿ ಕಾಯ್ದೆಯ ಶೇ. 2ರ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಕಟ್ಟಿಸಿದ ಶಾಲಾ ಕೊಠಡಿಯನ್ನು ಈ ಹಾಳೆಯಲ್ಲಿ ಮೊದಲು ಬರೆಯಲು ಕೈ ತುರಿಸುತ್ತದೆ. ಕೊಠಡಿ ಕೊಟ್ಟದ್ದು ಒಳ್ಳೆಯದೇ. ಅದು ಮುಚ್ಚಿದ ಮೋರಿಗೆ ಉತ್ತರವಲ್ಲ, ಆದ್ದರಿಂದ ಕೊನೆಗೆ ಬರೆಯಿರಿ.

ಆ ಕೊಟ್ಟಿಗೆಯ ಪಕ್ಕದ ಮೋರಿಯ ಹೂಳು ಮರುವರ್ಷ ಏಪ್ರಿಲ್ ಕೊನೆಯಲ್ಲಿ ತೆಗೆಸಿದೆವು, ಮೂರು ಟಿಪ್ಪರ್ ಮಣ್ಣು ಬಂತು. ಪುಸ್ತಕ ತೆಗೆದುಕೊಂಡು ಅಜ್ಜಿಯ ಮನೆಗೆ ಹೋಗಿ ಅವರ ದೂರನ್ನೂ, ಅದರೆದುರು ತುಂಬಿಸಿದ ಅಂಕಣವನ್ನೂ ಓದಿ ಹೇಳಿದೆ. ಕೇಳಿಸಿಕೊಂಡರು. ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟು, ಪಕ್ಕದ ಮನೆಯ ಬಾವಿ ಈ ಸಲ ಮಾರ್ಚ್‌ನಲ್ಲೇ ಬತ್ತಿದೆ, ಅದನ್ನೂ ಬರೆದುಕೊಳ್ಳಿ ಎಂದರು.